ಮೂರು ಅಡಿ ಜಾಗ, ಒಂದು ಕಸದ ಗಾಡಿ: ಪಂಚಾಯಿತಿ ನೋಟಿಸ್ ಬಂದಾಗ ಮೊದಲು ಏನು ನೋಡಬೇಕು?

ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ ಒಬ್ಬರು ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಪತ್ರ ಉದ್ದವಿದೆ, ಮುಖ್ಯ ಭಾಗ ಇಷ್ಟು:

"ನಮ್ಮದು ಊರೊಳಗಿನ ಮನೆ. ಮಾವನವರ ಕಾಲದ ಹೆಂಚಿನ ಮನೆ ಕೆಡವಿ 2009ರಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದೆವು, ಮುಂದೆ ಕಾಂಪೌಂಡ್ ಹಾಕಿಸಿದೆವು. ಆಗ ಯಾರೂ ಏನೂ ಹೇಳಲಿಲ್ಲ. ಕಳೆದ ವರ್ಷ ಪಂಚಾಯಿತಿಯವರು ಕಸ ಸಾಗಿಸಲು ಆಟೋ ಟಿಪ್ಪರ್ ತಂದರು. ಅದು ನಮ್ಮ ಸಂದಿಯ ಮೂಲೆಯಲ್ಲಿ ತಿರುಗುವುದಿಲ್ಲ. ವಾರ್ಡ್ ಸದಸ್ಯರು ಟೇಪ್ ಹಿಡಿದು ಅಳೆದರು. ಪಂಚಾಯಿತಿ ಖಾತೆಯ ನಮೂನೆ 9ರಲ್ಲಿ 30×40 ಅಡಿ ಇದೆ, ಜಾಗದಲ್ಲಿ 30×43 ಬರುತ್ತೆ, ಮೂರು ಅಡಿ ರಸ್ತೆಗೆ ಬಂದಿದ್ದೀರಿ ಅಂದರು. ಏಳು ದಿನದಲ್ಲಿ ತೆರವು ಮಾಡದಿದ್ದರೆ ಜೆಸಿಬಿ ತರುತ್ತೇವೆ ಎಂದು ನೋಟಿಸ್ ಬಂದಿದೆ. ಎದುರು ಮನೆಯ ಜಗಲಿಯೂ ಮುಂದೆ ಬಂದಿದೆ. ಅವರು ಸದಸ್ಯರ ನೆಂಟರು, ಅವರಿಗೆ ನೋಟಿಸ್ ಇಲ್ಲ. ಆ ಗಾಡಿಯನ್ನೇ ಟೆಂಡರ್ ಇಲ್ಲದೆ ಕೊಂಡಿದ್ದಾರೆ ಅಂತ ಊರಲ್ಲಿ ಮಾತಿದೆ. ಅದನ್ನು ಎತ್ತಿದರೆ ತಾವಾಗೇ ಸುಮ್ಮನಾಗುತ್ತಾರೆ ಅನ್ನುತ್ತಾನೆ ಬೆಂಗಳೂರಲ್ಲಿರುವ ಮಗ. ಹನ್ನೆರಡು ವರ್ಷ ದಾಟಿದೆ, ಜಾಗ ನಿಮ್ಮದೇ ಆಯಿತು ಅಂತ ಇನ್ನೊಬ್ಬರು. ನಮ್ಮವರು ತೀರಿಕೊಂಡು ಆರು ವರ್ಷ ಆಯಿತು. ನನ್ನ ಹತ್ತಿರ ಇರುವುದು 1971ರ ಪಾಲುಪಟ್ಟಿ, ಕಂದಾಯದ ರಸೀದಿಗಳು. ಏನು ಮಾಡಲಿ?"

ಅಮ್ಮ, ನಿಮ್ಮ ಪತ್ರದಲ್ಲಿ ಎರಡು ಜಗಳ ಒಂದಕ್ಕೊಂದು ಹೆಣೆದುಕೊಂಡಿವೆ. ನಿಮ್ಮ ಕಾಂಪೌಂಡ್ ಎಲ್ಲಿ ನಿಲ್ಲಬೇಕು ಅನ್ನುವುದು ಒಂದು. ಪಂಚಾಯಿತಿ ಗಾಡಿ ಹೇಗೆ ಕೊಂಡಿತು ಅನ್ನುವುದು ಇನ್ನೊಂದು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಒಂದರ ಉತ್ತರ ಇನ್ನೊಂದಕ್ಕೆ ಆಗುವುದಿಲ್ಲ. ಗಾಡಿಯಲ್ಲಿ ಲಂಚ ಆಗಿದ್ದರೂ ನಿಮ್ಮ ಗೋಡೆ ರಸ್ತೆಯಲ್ಲಿದ್ದರೆ ಅದು ರಸ್ತೆಯಲ್ಲೇ ಇರುತ್ತದೆ. ಗಾಡಿ ಚೊಕ್ಕವಾಗಿ ಕೊಂಡಿದ್ದರೂ ಜಾಗ ನಿಮ್ಮದಾದರೆ ಅದು ನಿಮ್ಮದೇ. ನಾನು ಪಂಚಾಯಿತಿ ಕಾರ್ಯದರ್ಶಿಯಾಗಿ ಸೇರಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ನಿವೃತ್ತನಾದವನು. ಇಂಥ ನೋಟಿಸುಗಳಿಗೆ ನಾನೇ ಸಹಿ ಹಾಕಿದ್ದೇನೆ. ಹಾಗಾಗಿ ಮೇಜಿನ ಆ ಕಡೆ ಏನು ನಡೆಯುತ್ತದೆ ಅನ್ನುವುದು ಗೊತ್ತು.

ಮೊದಲು ಈ ವಾರದ ಕೆಲಸ. ನೋಟಿಸನ್ನು ಬೆಳಕಿಗೆ ಹಿಡಿದು ಓದಿ. ಅದರಲ್ಲಿ ಸಂಖ್ಯೆ, ದಿನಾಂಕ ಇದೆಯೇ? ಪಿಡಿಒ ಸಹಿ ಇದೆಯೇ, ಅಥವಾ ಬರೀ ಸದಸ್ಯರದ್ದೇ? ಯಾವ ಕಾಯ್ದೆ, ಯಾವ ಕಲಂ ಎಂದು ಬರೆದಿದ್ದಾರಾ? ಯಾರು, ಯಾವ ದಿನ, ಯಾವ ದಾಖಲೆ ಇಟ್ಟುಕೊಂಡು ಅಳೆದರು ಎಂದು ಹೇಳಿದ್ದಾರಾ? ಇವಿಷ್ಟರಲ್ಲಿ ಎರಡಾದರೂ ಇರುವುದಿಲ್ಲ ಅಂತ ನನ್ನ ಊಹೆ. ಆದರೂ ನೋಟಿಸನ್ನು ಕಡೆಗಣಿಸಬೇಡಿ. ಗಡುವಿನೊಳಗೆ ಒಂದು ಪುಟದ ಉತ್ತರ ಕೊಡಿ: 'ಜಾಗ ನಮ್ಮದು, ದಾಖಲೆ ಇದೆ. ನೀವು ಮಾಡಿದ ಅಳತೆಯ ಪ್ರತಿ ಕೊಡಿ. ನಮ್ಮನ್ನೂ ಎದುರು ಮನೆಯವರನ್ನೂ ಕರೆದು ಇಡೀ ಸಂದಿಯ ಜಂಟಿ ಅಳತೆ ಮಾಡಿಸಿ. ಅಲ್ಲಿಯವರೆಗೆ ಕ್ರಮ ಬೇಡ.' ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಪಂಚಾಯಿತಿ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕಲು ಒಲ್ಲೆ ಎಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಆ ಸೀಲಿಗೆ ಜೆಸಿಬಿಯನ್ನು ನಿಲ್ಲಿಸುವ ಶಕ್ತಿ ಇದೆ. ಉತ್ತರ ಬಂದಿದೆ ಅಂತ ಗೊತ್ತಿದ್ದೂ ಅದಕ್ಕೆ ಆದೇಶ ಬರೆಯದೆ ಗೋಡೆ ಒಡೆಸಿದರೆ ಕೋರ್ಟಿನಲ್ಲಿ ನಿಂತು ಉತ್ತರಿಸಬೇಕಾದವನು ಪಿಡಿಒ. ಸದಸ್ಯರಲ್ಲ. ಪಿಡಿಒಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಈಗ ಆ ಮೂರು ಅಡಿ ಎಲ್ಲಿಂದ ಬಂತು ನೋಡೋಣ.

ಹೊಲಕ್ಕೆ ಸರ್ವೆ ನಂಬರ್ ಇರುತ್ತದೆ, ಟಿಪ್ಪಣಿ (ಅಳತೆ ಬರೆದ ನಕ್ಷೆ) ಇರುತ್ತದೆ, ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಇರುತ್ತದೆ. ಊರೊಳಗಿನ ಮನೆಗೆ ಅದು ಯಾವುದೂ ಇಲ್ಲ. ಹಳೇ ಸರ್ವೆ ಮಾಡಿದವರು ಕಂದಾಯ ಬರುವ ಜಮೀನನ್ನು ತುಂಡು ತುಂಡಾಗಿ ಅಳೆದರು. ಜನ ವಾಸಿಸುವ ಗ್ರಾಮಠಾಣಾಕ್ಕೆ ಸುತ್ತ ಒಂದು ಗೆರೆ ಎಳೆದು ಬಿಟ್ಟರು. ಒಳಗೆ ಯಾರ ಮನೆ ಎಲ್ಲಿ ಮುಗಿಯುತ್ತದೆ, ಸಂದಿ ಎಷ್ಟು ಅಗಲ ಎಂದು ಯಾರೂ ಬರೆದಿಡಲಿಲ್ಲ. ಹಾಗಾದರೆ ನಮೂನೆ 9ರ 30×40 ಎಲ್ಲಿಂದ ಬಂತು? ಬಹಳ ಊರುಗಳಲ್ಲಿ ಅದು ಬಂದದ್ದು ಬಾಯಿಂದ. ಬಿಲ್ ಕಲೆಕ್ಟರ್ ಜಗಲಿ ಮೇಲೆ ಕೂತು, ರಿಜಿಸ್ಟರ್ ಬಿಚ್ಚಿ, "ನಿಮ್ಮದು ಎಷ್ಟಕ್ಕೆ ಎಷ್ಟು?" ಅಂತ ಕೇಳುತ್ತಿದ್ದರು. ಮನೆಯವರು "ಮೂವತ್ತು ನಲವತ್ತು ಬರ್ಕೊಳ್ಳಿ" ಅನ್ನುತ್ತಿದ್ದರು. ಕಂದಾಯ ಕಡಿಮೆ ಬರಲಿ ಅಂತ ಒಂದೆರಡು ಅಡಿ ಇಳಿಸಿ ಹೇಳಿದವರೂ ಕಡಿಮೆಯಿಲ್ಲ. ಅಂದು ಉಳಿದದ್ದು ಕೆಲವೇ ರೂಪಾಯಿ. ಆಮೇಲೆ ಪಂಚಾಯಿತಿ ಆಸ್ತಿ ದಾಖಲೆಗಳ ಕಂಪ್ಯೂಟರ್ ವ್ಯವಸ್ಥೆ ಇ-ಸ್ವತ್ತು ಬಂತು. ಅದೇ ಬಾಯಿಲೆಕ್ಕ ಕಂಪ್ಯೂಟರಿಗೆ ಹೋಗಿ, ಡಿಜಿಟಲ್ ಸಹಿ ಹಾಕಿಸಿಕೊಂಡು, ಪ್ರಿಂಟಾಗಿ ಹೊರಗೆ ಬಂತು. ಈಗ ಎಲ್ಲರೂ ಅದನ್ನು ಅಳತೆ ಅನ್ನುತ್ತಾರೆ!

ನಮೂನೆ 9, ನಮೂನೆ 11 ಎರಡೂ ಮೂಲದಲ್ಲಿ ಪಂಚಾಯಿತಿಯ ತೆರಿಗೆ ದಾಖಲೆಗಳು. ಖಾತೆ ಹಕ್ಕುಪತ್ರವಲ್ಲ. ಇದು ಎರಡೂ ಕಡೆ ಕೊಯ್ಯುವ ಕತ್ತಿ. ನಮೂನೆ 9 ತೋರಿಸಿ 'ಇದು ನನ್ನದು' ಎಂದು ನೀವು ಗೆಲ್ಲಲಾರಿರಿ. ಅದನ್ನೇ ತೋರಿಸಿ 'ಉಳಿದದ್ದು ರಸ್ತೆ' ಎಂದು ಪಂಚಾಯಿತಿಯೂ ಗೆಲ್ಲಲಾರದು. ನಿಮ್ಮ ಜಾಗ 40 ಅಡಿ ಎಂದ ಮಾತ್ರಕ್ಕೆ ಮಿಕ್ಕ ಮೂರು ಅಡಿ ರಸ್ತೆಯದ್ದು ಅಂತ ಆಗುವುದಿಲ್ಲ. ಹಿಂದಿನವರದ್ದೂ ಇರಬಹುದು. ಸಂದಿ ಎಷ್ಟು ಅಗಲ ಇತ್ತು ಅನ್ನುವುದನ್ನು ಪಂಚಾಯಿತಿ ತನ್ನ ರಸ್ತೆ ಮತ್ತು ಆಸ್ತಿಗಳ ರಿಜಿಸ್ಟರ್‌ನಿಂದಲೋ, ಹಳೇ ಪತ್ರಗಳಿಂದಲೋ ತೋರಿಸಬೇಕು.

ನಿಮ್ಮ ಕೈಲಿರುವ ಬಲವಾದ ಕಾಗದ 1971ರ ಪಾಲುಪಟ್ಟಿ. ಅದರಲ್ಲಿ ಅಡಿ ಲೆಕ್ಕ ಇಲ್ಲದಿರಬಹುದು. ಆ ಕಾಲದ ಪತ್ರಗಳಲ್ಲಿ 'ಮೂರು ಅಂಕಣದ ಮನೆ, ಹಿತ್ತಲು ಸಹಿತ' ಎಂದು ಬರೆದು ಮುಗಿಸುತ್ತಿದ್ದರು. ಅಂಕಣ ಅಂದರೆ ಕಂಬದಿಂದ ಕಂಬಕ್ಕೆ ಇರುವ ಜಾಗ. ಒಂದೊಂದು ಮನೆಗೆ ಒಂದೊಂದು ಅಂಕಣ. ಅದನ್ನು ಅಡಿಗೆ ತಿರುಗಿಸುವ ಸೂತ್ರ ಯಾರಲ್ಲೂ ಇಲ್ಲ. ನೀವು ನೋಡಬೇಕಾದದ್ದು ಅದರ ಕೆಳಗಿರುವ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ. 'ಉತ್ತರಕ್ಕೆ ಸಂದಿ' ಎಂದು ಇದೆಯೇ, 'ಉತ್ತರಕ್ಕೆ ಸೂರುನೀರು ಬಿಟ್ಟು ಸಂದಿ' ಎಂದು ಇದೆಯೇ? ಅಳತೆಗೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಕೋರ್ಟು ಚಕ್ಕುಬಂದಿಯ ಕಡೆಗೇ ವಾಲುತ್ತದೆ. ಪಾಲುಪಟ್ಟಿ ನೋಂದಣಿ ಆಗಿದೆಯಾ ಅಂತಲೂ ನೋಡಿ. ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ಪ್ರತಿ ತೆಗೆಸಿ. ಆಗಿಲ್ಲದಿದ್ದರೆ ಅದರ ತೂಕ ಕಡಿಮೆ. ಆಗ ಅಕ್ಕಪಕ್ಕದವರ ಹಳೇ ಕ್ರಯಪತ್ರ ಹುಡುಕಿ. ಅವರ ಚಕ್ಕುಬಂದಿಯಲ್ಲಿ ನಿಮ್ಮ ಮನೆಯೂ ಸಂದಿಯೂ ಬಂದೇ ಇರುತ್ತವೆ.

ಸೂರುನೀರಿನ ವಿಚಾರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಕೇಸಿನ ಗುಟ್ಟು ಅಲ್ಲೇ ಇದೆ ಅಂತ ನನಗೆ ಅನುಮಾನ. ಹೆಂಚಿನ ಮನೆಗೆ ಸೂರು ಗೋಡೆಯಿಂದ ಎರಡು ಮೂರು ಅಡಿ ಮುಂದೆ ಚಾಚಿರುತ್ತಿತ್ತು. ಮಳೆ ನೀರು ಗೋಡೆಗೆ ತಾಗದೆ ಆಚೆ ಬೀಳಬೇಕಲ್ವಾ? ಆ ನೀರು ಬೀಳುವ ಜಾಗ ಮನೆಯವರದ್ದು ಎಂದು ಊರು ಒಪ್ಪಿಕೊಂಡಿತ್ತು. ಅಲ್ಲಿ ಗೋಡೆ ಇರಲಿಲ್ಲ, ಜನ ದನ ಓಡಾಡುತ್ತಿದ್ದವು, ಯಾರೂ ಬೇಡ ಅನ್ನುತ್ತಿರಲಿಲ್ಲ. ಬಿಲ್ ಕಲೆಕ್ಟರಿಗೆ ಅಳತೆ ಹೇಳುವಾಗ ಗೋಡೆಯಿಂದ ಗೋಡೆಗೆ ಹೇಳಿದರು. ಆಮೇಲೆ ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂತು. ಎರಡು ಅಡಿ ದಪ್ಪದ ಮಣ್ಣಿನ ಗೋಡೆ ಹೋಗಿ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಬಂತು. ಸೂರು ಹೋಯಿತು. ಮನೆಯವರು ಸೂರುನೀರು ಬೀಳುತ್ತಿದ್ದ ಗೆರೆಗೆ ಕಾಂಪೌಂಡ್ ಹಾಕಿದರು. ಅವರ ಲೆಕ್ಕದಲ್ಲಿ ತಮ್ಮ ಜಾಗಕ್ಕೇ ಬೇಲಿ ಹಾಕಿಕೊಂಡರು. ಬೀದಿಯವರ ಕಣ್ಣಿಗೆ ರಸ್ತೆ ಮೂರು ಅಡಿ ಕಿರಿದಾಯಿತು. ಎರಡೂ ನಿಜ. ನನ್ನ ಕಾಲದಲ್ಲಿ ಬಂದ ಸಂದಿ ಜಗಳಗಳಲ್ಲಿ ಬಹುಪಾಲು ಹೀಗೇ ಹುಟ್ಟಿದವು. ಕದಿಯಬೇಕು ಅಂತ ಗೋಡೆ ಮುಂದೆ ತಂದವರು ಇಲ್ಲ ಅಂತಲ್ಲ. ಅಂಥವರು ಒಂದೇ ಸಲಕ್ಕೆ ಮೂರು ಅಡಿ ಬರುವುದಿಲ್ಲ. ಮೊದಲು ಮೆಟ್ಟಿಲು, ಆಮೇಲೆ ಬೈಕ್ ಹತ್ತಿಸಲು ರ‍್ಯಾಂಪ್, ಆಮೇಲೆ ಅದರ ಮೇಲೊಂದು ಶೀಟು.

ಸರ್ವೆ ಇಲಾಖೆಗೆ ಅರ್ಜಿ ಹಾಕಿದರೆ ಎಲ್ಲ ಬಗೆಹರಿಯುತ್ತೆ ಅನ್ನುವ ನಂಬಿಕೆ ಬಹಳ ಜನಕ್ಕಿದೆ. ಪೂರ್ತಿ ನಿಜವಲ್ಲ. ಹದ್ದುಬಸ್ತು (ಗಡಿ ಅಳೆದು ಗುರುತಿಸುವ ಕೆಲಸ) ಮಾಡುವುದು ಸರ್ವೆ ನಂಬರಿನ ಗಡಿಗೆ. ಊರೊಳಗಿನ ಒಂದು ಮನೆಗೆ ಅರ್ಜಿ ಕೊಟ್ಟರೆ 'ಮೂಲ ಅಳತೆ ದಾಖಲೆ ಇಲ್ಲ' ಎಂದು ಹಿಂಬರಹ ಬರಬಹುದು. ಆದರೆ ನಿಮ್ಮ ಹಿತ್ತಲು ಹೊಲಕ್ಕೆ ತಾಗಿದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದು ಅದೃಷ್ಟ. ಆ ಹೊಲದ ಹದ್ದುಬಸ್ತು ಮಾಡಿಸಿದರೆ ನಿಮ್ಮ ಹಿಂದಿನ ಗಡಿ ನಿಲ್ಲುತ್ತದೆ. ಅರ್ಜಿ ಹಾಕಬೇಕಾದವರು ಹೊಲದವರು, ಖರ್ಚು ನೀವು ಕೊಡುತ್ತೀರಿ ಎಂದರೆ ಬಹಳ ಜನ ಒಪ್ಪುತ್ತಾರೆ. ಒಮ್ಮೆ ಹಿಂದಿನ ಗೆರೆ ಗಟ್ಟಿಯಾದರೆ ಅಲ್ಲಿಂದ ಮುಂದಕ್ಕೆ ಅಳೆಯಬಹುದು. ಆ ಮೂರು ಅಡಿ ಮುಂದೆ ಇದೆಯೋ ಹಿಂದೆ ಇದೆಯೋ ತಿಳಿಯುತ್ತದೆ.

ಆದರೂ ಇಂಚು ಲೆಕ್ಕದ ನಿಖರತೆ ನಿರೀಕ್ಷಿಸಬೇಡಿ. ಹಳೇ ಸರ್ವೆಯ ಸರಪಳಿ 33 ಅಡಿ. ಅದಕ್ಕೇ ಗುಂಟೆ ಅಂದರೆ 33×33, 1,089 ಚದರ ಅಡಿ. ಸರಪಳಿಗೆ 16 ಆಣೆ. ಒಂದು ಆಣೆ ಅಂದರೆ ಎರಡು ಅಡಿಗಿಂತ ತುಸು ಜಾಸ್ತಿ. ಟಿಪ್ಪಣಿಯಲ್ಲಿ ಬರೆದದ್ದು ಈ ಆಣೆ ಲೆಕ್ಕದಲ್ಲಿ. ಒಂದು ಆಣೆ ಆಚೀಚೆಯಾದರೂ ನಿಮ್ಮ ಜಗಳದ ಮೂರರಲ್ಲಿ ಎರಡು ಪಾಲು ಅದರಲ್ಲೇ ಮುಳುಗಿಹೋಗುತ್ತದೆ. ಇದನ್ನು ಸರ್ವೆಯರ್ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ನಿಮ್ಮೂರಿಗೆ ಡ್ರೋನ್ ಬಂದಿತ್ತಾ? 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯೊಳಗಿನ ಮನೆಗಳನ್ನು ಮೇಲಿಂದ ಅಳೆಯುತ್ತಾರೆ. ಹಾರಿಸುವ ಮೊದಲು ಮನೆ ಮನೆಯ ಗಡಿಗೆ ಸುಣ್ಣದ ಗೆರೆ ಹಾಕುತ್ತಾರೆ. ನಿಮ್ಮ ಮನೆ ಮುಂದೆ ಆ ಗೆರೆ ಎಲ್ಲಿ ಹಾಕಿದ್ದರು, ಅಲ್ಲಿ ಪಂಚಾಯಿತಿಯ ಯಾರು ನಿಂತಿದ್ದರು ಎಂದು ನೆನಪಿಸಿಕೊಳ್ಳಿ. ಕಾಂಪೌಂಡಿನ ಹೊರಗೆ ಹಾಕಿ ಯಾರೂ ತಕರಾರು ಮಾಡಿರದಿದ್ದರೆ ಅದು ನಿಮಗೆ ಒಳ್ಳೆಯ ಸಾಕ್ಷಿ. ಪೂರ್ತಿ ಗೆಲುವಲ್ಲ. ಡ್ರೋನ್‌ಗೆ ಗೋಡೆ ಕಾಣುತ್ತದೆ, ಹಕ್ಕು ಕಾಣುವುದಿಲ್ಲ.

ಒಂದು ತಪ್ಪೊಪ್ಪಿಗೆ. ಕಾರ್ಯದರ್ಶಿಯಾಗಿದ್ದ ಮೊದಲ ವರ್ಷಗಳಲ್ಲಿ ಕಂದಾಯದ ರಿಜಿಸ್ಟರ್ ನೋಡಿ ಒಬ್ಬರ ಹಿತ್ತಲ ಗೋಡೆಗೆ ನೋಟಿಸ್ ಕೊಟ್ಟಿದ್ದೆ. ಅಧ್ಯಕ್ಷರು ಅವಸರ ಮಾಡಿದರು, ನಾನು ಎದುರು ಮಾತಾಡಲಿಲ್ಲ. ಗೋಡೆ ಬಿತ್ತು. ಆಮೇಲೆ ಆ ಮನೆಯವರು ಅಜ್ಜನ ಕಾಲದ ಕ್ರಯಪತ್ರ ತಂದರು. ಚಕ್ಕುಬಂದಿಯಲ್ಲಿ ಪಕ್ಕದ ಬಾವಿಯ ಕಟ್ಟೆ ಬರೆದಿತ್ತು. ಬಾವಿ ಅಲ್ಲೇ ಇತ್ತು, ನಾವು ದಿನಾ ಅದರ ಪಕ್ಕವೇ ಓಡಾಡುತ್ತಿದ್ದೆವು. ಕೇಸಿನಲ್ಲಿ ಪಂಚಾಯಿತಿ ಸೋತಿತು, ಗೋಡೆಯನ್ನು ಪಂಚಾಯಿತಿ ದುಡ್ಡಿನಲ್ಲೇ ಕಟ್ಟಿಸಿಕೊಡಬೇಕಾಯಿತು. ಅಂದಿನಿಂದ ನಾನು ಅಳತೆಗೆ ಹೋದಾಗ ಮೊದಲು ಕೇಳುತ್ತಿದ್ದದ್ದು ಒಂದೇ: ಈ ಬೀದಿಯಲ್ಲಿ ಮೂರು ತಲೆಮಾರಿನಿಂದ ಅಲುಗಾಡದೆ ಇರುವುದು ಏನು? ಬಾವಿ, ಗುಡಿಯ ಗೋಡೆ, ಗಡಿಗೆ ನೆಟ್ಟ ಬಾಂದು ಕಲ್ಲು, ಏನಾದರೂ ಒಂದು ಇದ್ದೇ ಇರುತ್ತದೆ. ಟೇಪಿನ ತುದಿ ಅಲ್ಲಿಡಬೇಕು.

ಹನ್ನೆರಡು ವರ್ಷದ ಮಾತಿಗೆ ಬರೋಣ. ದಯವಿಟ್ಟು ಈ ಮಾತನ್ನು ಎಲ್ಲೂ ಬರೆದು ಕೊಡಬೇಡಿ. ಮೊದಲನೆಯದಾಗಿ ಹನ್ನೆರಡು ವರ್ಷದ ಲೆಕ್ಕ ಖಾಸಗಿಯವರ ನಡುವಿನದು. 1963ರ ಕಾಲಮಿತಿ ಕಾಯ್ದೆಯಲ್ಲಿ ಸ್ಥಳೀಯ ಸಂಸ್ಥೆ ತನ್ನ ರಸ್ತೆಯ ಜಾಗ ವಾಪಸ್ ಕೇಳಿ ದಾವೆ ಹಾಕಲು 30 ವರ್ಷ ಇದೆ. ನಿಮ್ಮ ಕಾಂಪೌಂಡ್ 2009ರದ್ದು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. 'ಇಷ್ಟು ವರ್ಷ ಅನುಭವಿಸಿದ್ದೇನೆ, ಅದಕ್ಕೆ ನನ್ನದಾಯಿತು' ಎಂದರೆ 'ಮೊದಲು ಅದು ನನ್ನದಾಗಿರಲಿಲ್ಲ' ಎಂದು ನೀವೇ ಒಪ್ಪಿಕೊಂಡ ಹಾಗೆ. ನಿಮ್ಮ ವಾದ 'ಇದು ಮಾವನವರ ಸೂರುನೀರಿನ ಜಾಗ, ಎಂದೂ ನಮ್ಮದೇ' ಎಂದಿರುವಾಗ ಆ ಇನ್ನೊಂದು ವಾದ ಕಾಲಿಗೆ ಸುತ್ತಿಕೊಳ್ಳುವ ಹಗ್ಗ.

ಪಂಚಾಯಿತಿಗೆ ಅಧಿಕಾರವೇ ಇಲ್ಲ ಅನ್ನುವವರೂ ಇದ್ದಾರೆ. ಅದೂ ತಪ್ಪು. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 72ನೇ ಕಲಂನಲ್ಲಿ ಸಾರ್ವಜನಿಕ ಬೀದಿ ಮತ್ತು ಖಾಲಿ ಜಾಗದ ಒತ್ತುವರಿ ತೆಗೆಸುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇದೆ. ಆದರೆ ಆ ಅಧಿಕಾರ ಸಾರ್ವಜನಿಕ ಜಾಗಕ್ಕೆ ಮಾತ್ರ. ಇದು ಬೀದಿಯೋ ನಿಮ್ಮ ಜಾಗವೋ ಅನ್ನುವುದೇ ತಕರಾರಾದಾಗ ಅದನ್ನು ತೀರ್ಮಾನಿಸುವ ನ್ಯಾಯಾಧೀಶ ಪಂಚಾಯಿತಿಯಲ್ಲ. ಜಾಗ ನಿಮ್ಮದೇ ಆಗಿದ್ದು ರಸ್ತೆಗೆ ಬೇಕೇ ಬೇಕು ಎಂದರೆ ಕೇಳಿ, ಬೆಲೆ ಕೊಟ್ಟು, ಕಾನೂನಿನ ಪ್ರಕಾರ ತೆಗೆದುಕೊಳ್ಳಬೇಕು. ಸಂವಿಧಾನದ 300ಎ ವಿಧಿ ಹೇಳುವುದು ಅದನ್ನೇ.

ಎದುರು ಮನೆ ವಿಚಾರಕ್ಕೆ ಸಿಟ್ಟು ಬರುವುದು ಸಹಜ. ಆದರೆ 'ಅವರದ್ದೂ ಒಡೆಯಿರಿ' ಎಂದು ಬರೆಯಬೇಡಿ. ಆ ಒಂದು ಸಾಲು ಸಾಕು, ನಿಮ್ಮದು ಒತ್ತುವರಿ ಅಂತ ಒಪ್ಪಿಕೊಂಡ ಹಾಗೆ ಓದಿಸಿಕೊಳ್ಳುತ್ತದೆ. 'ಸಂದಿಯ ಶುರುವಿನಿಂದ ಕೊನೆಯವರೆಗೆ ಎರಡೂ ಬದಿ ಅಳೆಯಿರಿ, ಆ ವಾರ್ಡಿನ ಸದಸ್ಯರು ಟೇಪ್ ಹಿಡಿಯುವುದು ಬೇಡ' ಎಂದು ಕೇಳಿ. ಎರಡೂ ಬದಿ ಅಳೆದರೆ ಜಗಲಿ ತಾನಾಗೇ ಲೆಕ್ಕಕ್ಕೆ ಬರುತ್ತದೆ.

ಜಂಟಿ ಅಳತೆಗೆ ಒಪ್ಪದೆ ಪಂಚಾಯಿತಿ ತೆರವಿನ ಆದೇಶವನ್ನೇ ಮಾಡಿದರೆ? ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ (ಇಓ) ಮೇಲ್ಮನವಿ ಹಾಕಬಹುದು. ತಿಂಗಳು ದಾಟಿಸಬೇಡಿ. ಖರ್ಚು ಕಡಿಮೆ. ತೊಂದರೆ ಏನೆಂದರೆ ತಡೆ ಸಿಗುವವರೆಗೆ ಗೋಡೆಗೆ ರಕ್ಷಣೆ ಇಲ್ಲ, ಇಓ ಮೇಜಿನ ಮೇಲೆ ಫೈಲು ಎಷ್ಟು ದಿನ ಮಲಗುತ್ತದೆ ಎಂದೂ ಹೇಳಲಾಗದು. ಸಿವಿಲ್ ಕೋರ್ಟಿಗೆ ಹೋದರೆ ತಾತ್ಕಾಲಿಕ ತಡೆಯಾಜ್ಞೆ ಕೇಳಬಹುದು, ಕೋರ್ಟು ನೇಮಿಸುವ ಕಮಿಷನರ್ ಬಂದು ಸ್ಥಳ ಅಳೆಯುವಂತೆ ಕೇಳಬಹುದು. ಅದು ಗಟ್ಟಿ ದಾರಿ, ಆದರೆ ಉದ್ದದ ದಾರಿ. ಮೂರು ಅಡಿಗೆ ಎಂಟು ಹತ್ತು ವರ್ಷ ಅಲೆದವರನ್ನು ನೋಡಿದ್ದೇನೆ. ಕಮಿಷನರ್ ವರದಿ ನಿಮಗೆ ವಿರುದ್ಧ ಬಂದರೆ ಆಮೇಲೆ ರಾಜಿಗೂ ಬೆಲೆ ಇರುವುದಿಲ್ಲ. ವಕೀಲರ ಫೀಸಿನ ಚಿಂತೆ ಇದ್ದರೆ ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಪಂಚಾಯಿತಿ ಮೇಲೆ ದಾವೆ ಹಾಕುವ ಮೊದಲು ನೋಟಿಸ್ ಕೊಡಬೇಕೇ, ತುರ್ತು ಎಂದು ವಿನಾಯಿತಿ ಕೇಳಬಹುದೇ ಅನ್ನುವುದನ್ನು ಅಲ್ಲಿನ ವಕೀಲರಿಗೆ ಬಿಡಿ.

ಇನ್ನೊಂದು ದಾರಿ ಇದೆ. ಸ್ಥಳ ನೋಡದೆ ಹೇಳುವುದು ಕಷ್ಟ, ಆದರೂ ನನ್ನ ಒಲವು ಅದರ ಕಡೆಗೇ. ಟಾಟಾ ಏಸ್ ತರದ ಗಾಡಿಯ ಅಗಲ ಸುಮಾರು ಐದು ಅಡಿ. ಕನ್ನಡಿ ಸೇರಿ ಇನ್ನೊಂದಿಷ್ಟು. ನಿಮ್ಮ ಸಂದಿ ಅತಿ ಕಿರಿದಾದ ಕಡೆ ಎಂಟು ಅಡಿ ಎಂದು ಬರೆದಿದ್ದೀರಿ. ಅಂದರೆ ಗಾಡಿ ನೆಟ್ಟಗೆ ಬರಲು ಏನೂ ತೊಂದರೆ ಇಲ್ಲ. ಸಿಕ್ಕಿಕೊಳ್ಳುವುದು ಮೂಲೆಯಲ್ಲಿ. ಹಾಗಿದ್ದರೆ ಉದ್ದಕ್ಕೂ ಮೂರು ಅಡಿ ಯಾಕೆ ಬೇಕು? ನಿಮ್ಮ ಮೂಲೆಯಲ್ಲಿ ಮೂರು ಅಡಿಯ ತ್ರಿಕೋನ ಕತ್ತರಿಸಿ, ಎದುರಿನ ಜಗಲಿಯೂ ಅಷ್ಟೇ ಹಿಂದೆ ಸರಿದರೆ ಗಾಡಿ ತಿರುಗಬಹುದು. ಹಾಗೆ ಕೊಡುವುದಾದರೆ ಬಾಯಿಮಾತಿನಲ್ಲಿ ಕೊಡಬೇಡಿ. ಬಿಟ್ಟುಕೊಟ್ಟದ್ದು ಇಷ್ಟೇ ಜಾಗ, ಉಳಿದದ್ದು ನಿಮ್ಮದು ಎಂದು ಪಂಚಾಯಿತಿ ಸಭೆಯಲ್ಲಿ ನಡಾವಳಿ ಆಗಬೇಕು, ನಕ್ಷೆ ಸಹಿತ ಪತ್ರ ನೋಂದಣಿ ಆಗಬೇಕು, ನಮೂನೆ 9ರ ಅಳತೆ ತಿದ್ದಬೇಕು, ಗೋಡೆಯನ್ನು ಅವರ ಖರ್ಚಿನಲ್ಲಿ ತಿರುಗಿ ಕಟ್ಟಿಸಬೇಕು. ಇದಿಷ್ಟೂ ಆಗುವ ಮೊದಲು ಒಂದು ಇಟ್ಟಿಗೆಯನ್ನೂ ತೆಗೆಸಬೇಡಿ. ಸುಮ್ನೆ ಒಳ್ಳೆಯತನಕ್ಕೆ ಬಿಟ್ಟುಕೊಟ್ಟು, ಮುಂದಿನ ಪಿಡಿಒ ಬಂದು ಇನ್ನೂ ಮೂರು ಅಡಿ ಕೇಳಿದ್ದನ್ನೂ ಕಂಡಿದ್ದೇನೆ.

ಇನ್ನು ಗಾಡಿ.

ಟೆಂಡರ್ ಇಲ್ಲ ಅಂದರೆ ಅಕ್ರಮ ಅನ್ನುವಂತಿಲ್ಲ. ಪಂಚಾಯಿತಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಎಲ್ಲರೂ ಕೆಟಿಪಿಪಿ ಅನ್ನುತ್ತಾರೆ. ಒಂದು ಮಿತಿಯೊಳಗಿನ ಖರೀದಿಗೆ ಅದರಲ್ಲೇ ಟೆಂಡರ್ ವಿನಾಯಿತಿ ಇದೆ. ಸರ್ಕಾರ ಅಧಿಸೂಚನೆ ಹೊರಡಿಸಿ ಕೊಡುವ ವಿನಾಯಿತಿ ಬೇರೆ, ಅದು ಕಾಯ್ದೆಯ 4(ಜಿ) ಕಲಂನದು, ಪೇಪರಿನಲ್ಲಿ '4ಜಿ ವಿನಾಯಿತಿ' ಎಂದು ಓದಿರುತ್ತೀರಿ. ಸರ್ಕಾರಿ ಖರೀದಿಗೆಂದೇ ಇರುವ ಕೇಂದ್ರದ ಜೆಮ್ ಪೋರ್ಟಲ್‌ನಲ್ಲಿ ಕೊಂಡಿರಬಹುದು. ಕಸದ ಗಾಡಿಯಾದರೆ ಸ್ವಚ್ಛ ಭಾರತ್ ಯೋಜನೆಯ ಹಣ ಇರಬಹುದು, ಅದರ ಎರಡನೇ ಹಂತದಲ್ಲಿ ಶೇ 30 ಪಾಲನ್ನು ಪಂಚಾಯಿತಿ ತನ್ನ 15ನೇ ಹಣಕಾಸು ಆಯೋಗದ ಅನುದಾನದಿಂದ ಹಾಕಬೇಕಿತ್ತು. ಕೆಲವು ಕಡೆ ಖರೀದಿಯ ಕೆಲಸವೇ ಜಿಲ್ಲಾ ಮಟ್ಟದಲ್ಲಿ ಆಗಿರುತ್ತದೆ, ಪಂಚಾಯಿತಿಗೆ ಗಾಡಿ ಬಂದು ನಿಲ್ಲುತ್ತದೆ ಅಷ್ಟೇ. ಹಾಗಾಗಿ 'ಟೆಂಡರ್ ಆಗಿಲ್ಲ' ಎಂದು ದೂರು ಬರೆದರೆ ಒಂದು ಸಾಲಿನ ಉತ್ತರ ಬಂದು ಕಡತ ಮುಚ್ಚಿಹೋಗುತ್ತದೆ.

ಅಕ್ರಮ ಇದ್ದರೆ ಅದು ಅಡಗುವ ಜಾಗವೇ ಬೇರೆ. ಮಿತಿ ದಾಟದ ಹಾಗೆ ಒಂದೇ ವಾರದಲ್ಲಿ ನಾಲ್ಕು ಬಿಲ್ ಮಾಡುವುದು ಹಳೇ ಕಸುಬು. ಬೀದಿ ದೀಪದಲ್ಲಿ, ಮೋಟರ್ ರಿಪೇರಿಯಲ್ಲಿ ಇದು ಜಾಸ್ತಿ. ಮೂರು ಕೊಟೇಷನ್ ಇರುತ್ತವೆ, ಮೂರು ಲೆಟರ್‌ಹೆಡ್ ಇರುತ್ತವೆ, ಕೈಬರಹ ಒಂದೇ. ವಸ್ತುವಿನ ವಿವರಣೆಯನ್ನು ಒಂದೇ ಕಂಪನಿಗೆ ಹೊಂದುವ ಹಾಗೆ ಬರೆದಿರುತ್ತಾರೆ. ದಾಸ್ತಾನು ವಹಿಯಲ್ಲಿ ವಸ್ತು ಬರುವ ಮೊದಲೇ ಬಂದಿದೆ ಎಂದು ಸಹಿ ಇರುತ್ತದೆ. ಗಾಡಿಗಾದರೆ ಮೊದಲು ನೋಡಬೇಕಾದ್ದು ಆರ್‌ಸಿ ಯಾರ ಹೆಸರಿನಲ್ಲಿದೆ, ವಿಮೆ ಕಟ್ಟಿದ್ದಾರಾ, ಲಾಗ್ ಬುಕ್‌ನಲ್ಲಿ ದಿನದ ಓಡಾಟ ಬರೆದಿದ್ದಾರಾ ಎಂದು. ಓಡದ ಗಾಡಿಗೆ ಡೀಸೆಲ್ ಬಿಲ್ ಬರುತ್ತಿದ್ದರೆ ಅಲ್ಲಿ ನಿಂತು ನೋಡಿ.

ಆದರೆ ನಿಜ ಹೇಳಬೇಕೆಂದರೆ, ನಾನು ಕಂಡ ಪಂಚಾಯಿತಿ ಖರೀದಿಗಳಲ್ಲಿ ಕಳ್ಳತನಕ್ಕಿಂತ ದಡ್ಡತನವೇ ದುಡ್ಡು ಜಾಸ್ತಿ ತಿಂದಿದೆ. ಮಾರ್ಚ್ ಬಂತು, ಅನುದಾನ ವಾಪಸ್ ಹೋಗುತ್ತದೆ ಎಂಬ ಗಾಬರಿ. ಬೋರ್‌ವೆಲ್‌ನ ಆಳ, ನೀರು ನೋಡದೆ ದೊಡ್ಡ ಮೋಟರ್ ತಂದರು, ಸುಟ್ಟುಹೋಯಿತು. ಟ್ರ್ಯಾಕ್ಟರ್ ತಂದರು, ಡ್ರೈವರಿಗೆ ಸಂಬಳ ಎಲ್ಲಿಂದ ಎಂದು ಯೋಚಿಸಲಿಲ್ಲ. ಹಣಕಾಸು ಆಯೋಗದ ದುಡ್ಡಿನಲ್ಲಿ ಸಂಬಳ ಕೊಡುವಂತಿಲ್ಲ. ನಿಮ್ಮೂರಲ್ಲೂ ಅದೇ ಆದ ಹಾಗಿದೆ. ಗಾಡಿ ಕೊಳ್ಳುವ ಮೊದಲು ಒಬ್ಬ ಮನುಷ್ಯ ಟೇಪ್ ಹಿಡಿದು ಊರಿನ ಸಂದಿಗಳನ್ನು ಅಳೆದಿದ್ದರೆ ಈ ನೋಟಿಸೇ ಇರುತ್ತಿರಲಿಲ್ಲ. ಕೊಂಡಾದ ಮೇಲೆ ಗಾಡಿಗೆ ತಕ್ಕ ಹಾಗೆ ಊರನ್ನು ಕತ್ತರಿಸಲು ಹೊರಟಿದ್ದಾರೆ.

ಅದಕ್ಕೇ ಈ ಪ್ರಶ್ನೆಯನ್ನು ನೀವು ಗ್ರಾಮಸಭೆಯಲ್ಲಿ ಕೇಳಬೇಕು: ಸಂದಿಗಳಿಗೆ ತಳ್ಳುಗಾಡಿ ಯಾಕಿಲ್ಲ? ಟಿಪ್ಪರ್ ದೊಡ್ಡ ಬೀದಿಯಲ್ಲಿ ನಿಲ್ಲಲಿ, ಸಂದಿಯ ಕಸ ತಳ್ಳುಗಾಡಿಯಲ್ಲಿ ಅಲ್ಲಿಗೆ ಬರಲಿ. ಬಹಳ ಪಂಚಾಯಿತಿಗಳಲ್ಲಿ ಕಸದ ಕೆಲಸ ಮಾಡುವುದು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳು. ಅವರನ್ನೇ ಕೇಳಿದರೆ ಯಾವ ಮೂಲೆಗೆ ಏನು ಹೋಗುತ್ತದೆ ಎಂದು ಹೇಳುತ್ತಾರೆ. ಹಾಗಾದರೆ ನಿಮ್ಮ ಗೋಡೆ ಮುಟ್ಟುವ ಅಗತ್ಯವೇ ಬರದಿರಬಹುದು.

ಮಗನ ಉಪಾಯದ ಬಗ್ಗೆ. ಗಾಡಿಯ ವಿಚಾರವನ್ನು ಬೆದರಿಕೆಯಾಗಿ ಬಳಸಿದರೆ ಎರಡರಲ್ಲಿ ಒಂದು ಆಗುತ್ತದೆ. ಅವರು ಹೆದರಿ ನಿಮ್ಮ ನೋಟಿಸನ್ನು ಬಾಯಿಮಾತಿನಲ್ಲಿ ಕೈಬಿಡುತ್ತಾರೆ, ನೀವು ಗಾಡಿ ವಿಚಾರ ಬಿಡುತ್ತೀರಿ. ಕಾಗದದ ಮೇಲೆ ನೋಟಿಸ್ ಹಾಗೇ ಇರುತ್ತದೆ, ಇನ್ನೊಬ್ಬ ಪಿಡಿಒ ಬಂದಾಗ ಎದ್ದು ಕೂರುತ್ತದೆ. ಇಲ್ಲವೇ ಅವರು ಹೆದರುವುದಿಲ್ಲ, ನಿಮ್ಮ 2009ರ ಕಟ್ಟಡ ಪರವಾನಗಿ ಎಲ್ಲಿ, ಅದರ ನಕ್ಷೆಯಲ್ಲಿ ಕಾಂಪೌಂಡ್ ಇತ್ತಾ, ಕಂದಾಯ ಬಾಕಿ ಎಷ್ಟು ಎಂದು ಹುಡುಕಲು ಶುರು ಮಾಡುತ್ತಾರೆ. ಮೊದಲು ಬಾಕಿ ಇದ್ದರೆ ಕಟ್ಟಿಬಿಡಿ. ಪರವಾನಗಿ ಹುಡುಕಿಟ್ಟುಕೊಳ್ಳಿ.

ಮಾಹಿತಿ ಹಕ್ಕಿನಲ್ಲಿ ಎರಡು ಬೇರೆ ಅರ್ಜಿ ಹಾಕಿ. ಒಂದರಲ್ಲಿ ಸಂದಿಯ ರಸ್ತೆ ದಾಖಲೆ, ಅಳತೆಯ ಟಿಪ್ಪಣಿ, ನೋಟಿಸಿಗೆ ಆಧಾರವಾದ ನಡಾವಳಿ ಕೇಳಿ. ಇನ್ನೊಂದರಲ್ಲಿ ಗಾಡಿ ಖರೀದಿಯ ನಡಾವಳಿ, ಬಿಲ್, ಆರ್‌ಸಿ, ಲಾಗ್ ಬುಕ್ ಪ್ರತಿ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮಿತಿ. ಎರಡನ್ನೂ ಒಂದರಲ್ಲಿ ತುರುಕಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಒಂದೊಂದಕ್ಕೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಗಾಡಿಯ ಅರ್ಜಿಯನ್ನು ಮಗನ ಹೆಸರಿನಲ್ಲಿ ಹಾಕಿಸಿ, ಅವನಿಗೂ ಸಮಾಧಾನ. ವರ್ಷಕ್ಕೊಮ್ಮೆ ಪಂಚಾಯಿತಿ ಜಮಾಬಂದಿ ನಡೆಯುತ್ತದೆ, ಆ ದಿನ ಲೆಕ್ಕದ ಪುಸ್ತಕಗಳನ್ನೆಲ್ಲ ಜನರ ಮುಂದೆ ಇಡಬೇಕು. ಜನ ಹೋಗುವುದಿಲ್ಲ, ಅದಕ್ಕೆ ಅದು ಅರ್ಧ ಗಂಟೆಯಲ್ಲಿ ಕಾಫಿ ಕುಡಿದು ಮುಗಿಯುತ್ತದೆ.

ಗಡುವು ಮುಗಿದು ಜೆಸಿಬಿ ಬಂದೇ ಬಿಟ್ಟರೆ ಅದರ ಮುಂದೆ ಮಲಗಬೇಡಿ. ಆದೇಶದ ಪ್ರತಿ ಕೇಳಿ, ಇಲ್ಲ ಎಂದರೆ ಅವರು ಇಲ್ಲ ಎನ್ನುವುದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಸೀಲು ಹಾಕಿಸಿಕೊಂಡ ನಿಮ್ಮ ಉತ್ತರವನ್ನು ಪಿಡಿಒ ಕೈಗೇ ತೋರಿಸಿ. ಇವತ್ತೇ ಕಾಂಪೌಂಡಿನ, ಎದುರಿನ ಜಗಲಿಯ, ಮೂಲೆಯ ಫೋಟೊಗಳನ್ನು ತೆಗೆದಿಡಿ.

ಮುಂದಿನ ಪತ್ರದಲ್ಲಿ 1971ರ ಪಾಲುಪಟ್ಟಿಯ ಚಕ್ಕುಬಂದಿ ಸಾಲುಗಳನ್ನು ಒಂದಕ್ಷರ ಬಿಡದೆ ಬರೆದು ಕಳಿಸಿ. ಓದಲು ಬಾರದ ಪದ ಇದ್ದರೆ ಫೋಟೊ ಕಳಿಸಿ. ಹಿತ್ತಲ ಕೊನೆಯಲ್ಲಿ ಬಾಂದು ಕಲ್ಲು ಇದೆಯಾ ಅಂತಲೂ ನೋಡಿ. ಕಾಣದಿದ್ದರೆ ಬೇಲಿ ಬುಡದಲ್ಲಿ ಒಂದಡಿ ಮಣ್ಣು ತೆಗೆಸಿ ನೋಡಿ, ಬಹಳ ಸಲ ಅಲ್ಲೇ ಹೂತು ಹೋಗಿರುತ್ತದೆ. ಸಿಕ್ಕಿದರೆ ಅಲುಗಾಡಿಸಬೇಡಿ, ಊರಿನ ಇಬ್ಬರು ಹಿರಿಯರನ್ನು ಕರೆದು ತೋರಿಸಿ.